ಕವಳದ ಬಾಯಿಗೆ ಇನ್‌ಹೇಲರ್

“ಮಾರಾಯ್ರೆ, ಮೊದಲು ಬಾಯಲ್ಲಿರೋ ಕವಳ ಉಗುಳಿ ಬನ್ನಿ!” ಕೊಪ್ಪ ಕಡೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಗದರಿದಾಗ ಇನ್‌ಹೇಲರ್ ಹಿಡಿದು ಪೆಚ್ಚಾದೆ. ತಿಂಗಳಾದರೂ ಉಬ್ಬಸ ಇಳಿದಿಲ್ಲ, ಔಷಧಿಯೇ ಸರಿಯಿಲ್ಲ ಎಂದು ಜಗಳಕ್ಕೆ ಹೋದವನಿಗೆ ಅವರು, ಎಳೆದು ತೋರಿಸಿ ಎಂದಿದ್ದರು. ದವಡೆಯಲ್ಲಿ ಎಲೆಅಡಿಕೆ ಒತ್ತಿಕೊಂಡೇ ಎಳೆದಿದ್ದೆ. ಮನೆಯಲ್ಲೂ ಹಾಗೆಯೇ ಎಳೆಯುತ್ತಿದ್ದೆ.

“ಔಷಧಿ ಎಲ್ಲ ಕವಳಕ್ಕೇ ಹೋಯ್ತಲ್ಲ, ನಿಮ್ಮ ಎದೆಗೆ ಎಂತ ಸಿಕ್ತು?” ಎಂದವರು ಬಾಯಿ ತೊಳೆಸಿದರು. ಉಸಿರು ಪೂರ್ತಿ ಹೊರಬಿಟ್ಟು, ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಡುವುದನ್ನು ಖಾಲಿ ಇನ್‌ಹೇಲರಿನಲ್ಲಿ ಮೂರು ಸಲ ನನ್ನಿಂದಲೇ ಮಾಡಿಸಿದರು.

ಅವತ್ತೇ ಇನ್‌ಹೇಲರನ್ನು ಎಲೆತಟ್ಟೆಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟೆ. ಬೆಳಿಗ್ಗೆ, ಸಂಜೆ ಅದನ್ನು ಎಳೆದು ಬಾಯಿ ಮುಕ್ಕಳಿಸದೆ ಎಲೆ ಮುಟ್ಟುವುದಿಲ್ಲ. ಕವಳವನ್ನು ಒಂದು ಹೊತ್ತೂ ಮರೆಯದವನು ಔಷಧಿಯನ್ನು ಹೇಗೆ ಮರೆತೇನು?