ಎಡತೋಳಿನ ಒಂದೂವರೆ ಇಂಚು

ದರ್ಜಿಯ ಅಂಗಡಿಯ ಒಳಗೋಡೆಗೆ ಒಂದು ಮೊಳೆ, ಆ ಮೊಳೆಗೆ ಒಂದು ರಟ್ಟು. ರಟ್ಟು ಎಂದರೆ ಅಂಗಿ ಕತ್ತರಿಸುವ ಮಾದರಿ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ಆಯಿತು, ಪ್ರತಿಸಲ ಟೇಪು ಹಿಡಿಯುವ ಗೋಜಿಲ್ಲ. ಆ ರಟ್ಟು ಅವನ ಮಗಳದು. ಅದರ ಮೂಲೆಯಲ್ಲಿ ಅವನು ನೀಲಿ ಪೆನ್ಸಿಲಿನಿಂದ ‘ಇಷ್ಟೇ. ಮುಗಿದಿದೆ’ ಎಂದು ಬರೆದಿಟ್ಟು ಎರಡು ವರ್ಷವಾಗಿತ್ತು.

ಹಾಗೆ ಬರೆಯುವ ಅಧಿಕಾರ ಅವನಿಗೆ ಇತ್ತೆಂದೇ ಹೇಳಬೇಕು. ಹನ್ನೊಂದರಿಂದ ಹದಿನೇಳನೆಯ ವಯಸ್ಸಿನವರೆಗೆ ಆ ಹುಡುಗಿ ಬೆಳೆದ ರಭಸಕ್ಕೆ ಅವನ ಕತ್ತರಿಯೇ ಏದುಸಿರು ಬಿಟ್ಟಿತ್ತು. ಬೇಸಗೆಯಲ್ಲಿ ಹೊಲಿದ ಪ್ಯಾಂಟು ಚಳಿಗಾಲದ ಹೊತ್ತಿಗೆ ಮೀನಖಂಡ ತೋರಿಸುತ್ತಿತ್ತು. ಆಗೆಲ್ಲ ಅವನು ಅಂಚಿನೊಳಗೆ ಮೂರು ಬೆರಳಿನಷ್ಟು ಬಟ್ಟೆಯನ್ನು ಮಡಿಸಿಟ್ಟು ಹೊಲಿಯುವನು. ಅವಳು ಉದ್ದವಾದಂತೆ ಮಡಿಕೆ ಬಿಚ್ಚುತ್ತ ಹೋಗುವನು. ಆರು ಅಡಿ ಮೂರು ಇಂಚಿಗೆ ಬಂದು ನಿಂತಳು. ಅವನು ಆರು ತಿಂಗಳು ಕಾದು ನೋಡಿದ. ಕೂದಲೆಳೆಯಷ್ಟೂ ಏರಲಿಲ್ಲ. ಆಗ ಹೊಸ ರಟ್ಟು ಕತ್ತರಿಸಿ, ಮಡಿಕೆಯ ಲೆಕ್ಕವನ್ನು ಕಿತ್ತುಹಾಕಿ, ಮೊಳೆಗೆ ತೂಗುಹಾಕಿದ. ಬಲತೋಳು ದಪ್ಪ, ಎಡತೋಳು ತೆಳು ಎಂಬುದನ್ನೂ ರಟ್ಟಿನಲ್ಲಿ ಬಿಟ್ಟಿರಲಿಲ್ಲ. ಸಡಿಲ ಅಂಗಿ ಎಂದರೆ ದರ್ಜಿಯ ಸೋಮಾರಿತನ ಎಂಬುದು ಅವನ ನಂಬಿಕೆ.

ತನ್ನ ಅಳತೆ ತಪ್ಪಿತೆಂದು ಮೂವತ್ತು ವರ್ಷಗಳಲ್ಲಿ ಅವನು ಒಮ್ಮೆಯೂ ಒಪ್ಪಿಕೊಂಡವನಲ್ಲ. ಪ್ಯಾಂಟು ಬಿಗಿಯಾಯಿತೆಂದು ಯಾರಾದರೂ ತಂದರೆ, ಕನ್ನಡಕವನ್ನು ಹಣೆಗೇರಿಸಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಊಟ ಮಾಡ್ಕೊಂಡು ಬಂದಿದ್ದೀರಿ. ನಾಳೆ ಹಸಿದ್ಕೊಂಡು ಬನ್ನಿ” ಎನ್ನುವನು. ಅಂಚೆ ಕಚೇರಿಯ ಗುಮಾಸ್ತ ನಿಜವಾಗಿಯೂ ಮರುದಿನ ಹಸಿದುಕೊಂಡು ಬಂದಿದ್ದ.

ಬೀದಿಯವರು ಮಗಳನ್ನು ‘ಏಣಿ’ ಎಂದು ಕರೆಯುತ್ತಿದ್ದರು. ಎದುರುಮನೆಯವರು ಅವಳನ್ನು ನಂಬಿ ತಮ್ಮ ಮರದ ಏಣಿಯನ್ನು ಮಾರಿಬಿಟ್ಟಿದ್ದರು. ಬಲ್ಬು ಹೋದರೂ, ಅಟ್ಟದ ಪೆಟ್ಟಿಗೆ ಬೇಕಾದರೂ, ಬೆಕ್ಕು ಸಜ್ಜದ ಮೇಲೆ ಸಿಕ್ಕಿಕೊಂಡರೂ ಕಿಟಕಿಯಿಂದ ಒಂದು ಕೂಗು: “ಏಣಿ ಇದ್ದಾಳಾ ಮನೇಲಿ?” ಬಾಗಿಲಿನ ಪಟ್ಟಿಗೆ ಹಣೆ ಬಡಿದುಕೊಂಡೂ ಬಡಿದುಕೊಂಡೂ, ಎಲ್ಲಿಗೆ ಹೋದರೂ ತಲೆ ತಗ್ಗಿಸಿ ಒಳಗೆ ಬರುವುದು ಅವಳಿಗೆ ರೂಢಿಯಾಗಿತ್ತು. ಗೊತ್ತಿಲ್ಲದವರು ಎಂಥ ವಿನಯ ಎಂದು ಮೆಚ್ಚಿಕೊಳ್ಳುತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬಾಗಿಲಿರಲಿಲ್ಲವಾದ್ದರಿಂದ ಅಲ್ಲಿ ವಿನಯವೂ ಇರಲಿಲ್ಲ.

ಅಲ್ಲಿ ಅವಳು ಸೆಂಟರ್. ಎಂದರೆ ಬುಟ್ಟಿಯ ಕೆಳಗೇ ನಿಂತು ಆಡುವವಳು. ಗೆಳತಿಯರು ಚೆಂಡನ್ನು ಮೇಲಕ್ಕೆ ಎಸೆದರೆ ಸಾಕು, ಏಣಿ ಬಲಗೈ ಚಾಚಿ ಅದನ್ನು ಹಿಡಿದು, ಅಲಮಾರಿನಲ್ಲಿ ಡಬ್ಬಿ ಇಡುವಂತೆ ಬುಟ್ಟಿಯೊಳಗೆ ಇಟ್ಟು ಬರುವಳು. ಎದುರಾಳಿಗಳು ಅವಳ ಭುಜಕ್ಕೆ ಬರುತ್ತಿರಲಿಲ್ಲ. ಒಂದು ಆಟಕ್ಕೆ ಮೂವತ್ತು ಅಂಕಗಳಿಗೆ ಕಡಿಮೆ ಇಲ್ಲ. ದರ್ಜಿ ಮುಂದಿನ ಸಾಲಿನಲ್ಲಿ ಕುಳಿತು, ಮಗಳ ಆಟಕ್ಕಿಂತ ಹೆಚ್ಚಾಗಿ ಅವಳ ಅಂಗಿ ಸುಕ್ಕುಬೀಳದೆ ಕೂತಿರುವುದನ್ನು ನೋಡಿ ಹಿಗ್ಗುವನು.

ತಂಡದ ತರಬೇತುದಾರ ಅವನ ಭಾವಮೈದ, ಎಂದರೆ ಹುಡುಗಿಯ ಸೋದರಮಾವ. ವೃತ್ತಿಯಿಂದ ಬಸ್ ಚಾಲಕ. ಡಿಪೋದ ಹಿಂದಿನ ಸಿಮೆಂಟು ಅಂಗಳವೇ ಅವನ ಕ್ರೀಡಾಂಗಣ. ಒಂದು ದಿನ ಅವನು ಖಾಕಿ ಅಂಗಿಯಲ್ಲೇ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಮೇಲೆ ಒಂದು ಕಾಗದ ಇಟ್ಟ. ದೊಡ್ಡ ತಂಡದ ತರಬೇತಿ ಶಿಬಿರಕ್ಕೆ ಈ ಭಾಗದಿಂದ ಒಬ್ಬಳನ್ನು ಆರಿಸಲು ಒಬ್ಬ ಆಯ್ಕೆಗಾರ್ತಿ ಹಿಂದಿನ ವಾರ ಬಂದು ಆಟ ನೋಡಿ ಹೋಗಿದ್ದಳು. ಏಣಿ ಅಂದು ಮೂವತ್ತನಾಲ್ಕು ಅಂಕ ಗಳಿಸಿದ್ದಳು. ಕಾಗದದಲ್ಲಿ ಮೂರೇ ಸಾಲು: ‘ಎತ್ತರವಿದೆ. ಆಟ ಇನ್ನೂ ಸುಧಾರಿಸುವ ಲಕ್ಷಣ ಕಾಣಲಿಲ್ಲ. ಐದು ತಿಂಗಳ ನಂತರ ಜಿಲ್ಲಾ ಪಂದ್ಯಾವಳಿಯ ಫೈನಲ್‌ಗೆ ನಿಮ್ಮ ತಂಡ ಬಂದರೆ ಮತ್ತೊಮ್ಮೆ ನೋಡುತ್ತೇನೆ.’

“ಮೂವತ್ನಾಲ್ಕು ಸಾಲದಂತಾ ಆ ಮಹಾತಾಯಿಗೆ?” ಎಂದ ದರ್ಜಿ.

“ಭಾವ, ನಮ್ಮ ಹುಡುಗಿ ಒಂದೇ ಕೈಲಿ ಬಸ್ ಓಡಿಸ್ತಿದ್ದಾಳೆ. ರಸ್ತೆ ನೆಟ್ಟಗಿರೋವರೆಗೂ ಸರಿ. ಶಿಬಿರದಲ್ಲಿ ಎಲ್ಲರೂ ಇವಳಷ್ಟೇ ಉದ್ದ ಇರ್ತಾರೆ. ಬಲಗೈ ಕಟ್ಟಿಹಾಕಿದ್ರೆ ಏನ್ಮಾಡ್ತಾಳೆ?”

“ಚೆನ್ನಾಗಿರೋ ಬಟ್ಟೆಗೆ ಯಾರಾದ್ರೂ ಕತ್ತರಿ ಹಾಕ್ತಾರೇನಯ್ಯ? ಅವಳು ಮುಗಿದಿರೋ ಕೆಲಸ. ಇಸ್ತ್ರಿ ಮಾಡು, ಮಡಿಚಿಡು, ಸಾಕು.”

ಭಾವಮೈದ ಮೊಳೆಯಲ್ಲಿದ್ದ ರಟ್ಟಿನ ಕಡೆ ಒಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೊರಟುಹೋದ. ಆ ತಿಂಗಳು ದರ್ಜಿ ಅದೇ ರಟ್ಟಿನಿಂದ ಮಗಳಿಗೆ ಆಟಕ್ಕೆಂದು ಕೆಂಪು ಬಣ್ಣದ ಹೊಸ ಅಂಗಿಯೊಂದನ್ನು ಹೊಲಿದ. ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿತು.

ಮರುವಾರದಿಂದ ಮನೆಯಲ್ಲಿ ವಿಚಿತ್ರಗಳು ಆರಂಭವಾದವು. ಬೆಳಗ್ಗೆ ಎದ್ದರೆ ಹಲ್ಲುಜ್ಜುವ ಪೇಸ್ಟು ಕನ್ನಡಿಯ ಮೇಲೆ. ಬಾಗಿಲಿನ ಬೀಗಕ್ಕೆ ಕೀಲಿ ಹಾಕಲು ಐದು ನಿಮಿಷ. ನೆರೆಮನೆಯ ಬಲ್ಬು ಬದಲಿಸಲು ಹೋದ ಏಣಿ ಎರಡು ಬಲ್ಬು ಒಡೆದು ಬಂದಳು. ಅಪ್ಪನಿಗೆ ನೆರವಾಗಲೆಂದು ಗುಮಾಸ್ತನ ಅಂಗಿಯ ಜೇಬನ್ನು ಕತ್ತರಿಸಿದಳು. ಅದು ಯಾವುದೋ ದ್ವೀಪದ ನಕ್ಷೆಯಂತೆ ಬಂದಿತು.

“ಈ ಹುಡುಗಿಗೆ ಏನಾಗಿದೆ?” ಎಂದು ದರ್ಜಿ ಹೆಂಡತಿಯನ್ನು ಕೇಳಿದ.

“ಎಡಗೈ ಕಲೀತಿದ್ದಾಳೆ. ನನ್ನ ತಮ್ಮ ಬಲಗೈಗೆ ರಜ ಕೊಟ್ಟಿದ್ದಾನೆ” ಎಂದಳು ಅವಳು. “ಡಿಪೋದಲ್ಲಿ ಬೆಳಗ್ಗೆ ಬಸ್ಸಿನ ಟೈರನ್ನೂ ಎಡಗೈಲೇ ಎತ್ತಿಸ್ತಾನಂತೆ.”

“ನಿನ್ನ ತಮ್ಮ ನನ್ನ ಮಗಳನ್ನ ಗ್ಯಾರೇಜಿಗೆ ಸೇರಿಸಿದ್ನಾ?”

“ಅಂಗಿ ಬಿಗಿ ಆಗ್ತಿದೆ ಅಂತಾಳೆ. ಒಂದ್ಸಲ ಟೇಪ್ ಹಿಡೀರಿ.”

“ಊಟ ಮಾಡಿದ್ಮೇಲೆ ಹಾಕ್ಕೊಂಡಿರ್ತಾಳೆ” ಎಂದ ದರ್ಜಿ.

ಅಂಗಳದಲ್ಲಿ ಆದದ್ದು ಇನ್ನೂ ಘೋರ. ಮಾವನ ಅಪ್ಪಣೆಯಂತೆ ಏಣಿ ಎಡಗೈಯಿಂದ ಎಸೆಯತೊಡಗಿದಳು. ಮೊದಲನೆಯ ಚೆಂಡು ಹಲಗೆಯ ಹಿಂದೆ ಹೋಯಿತು. ಎರಡನೆಯದು ಕಡಲೆಕಾಯಿ ತಿನ್ನುತ್ತಿದ್ದ ಕಂಡಕ್ಟರನ ಪೊಟ್ಟಣದ ಮೇಲೆ ಬಿತ್ತು. ಮೂವತ್ತು ಅಂಕ ಗಳಿಸುತ್ತಿದ್ದವಳು ಹನ್ನೆರಡಕ್ಕೆ ಇಳಿದಳು, ಮುಂದಿನ ವಾರ ಒಂಬತ್ತಕ್ಕೆ. “ಏಣಿಗೆ ಗೆದ್ದಲು ಹಿಡೀತು” ಎಂದು ಹಿಂದಿನ ಸಾಲಿನವರು ನಕ್ಕದ್ದು ದರ್ಜಿಯ ಕಿವಿಗೆ ಬಿದ್ದು, ಅವನು ಮನೆಗೆ ಬೇರೆ ದಾರಿಯಲ್ಲಿ ನಡೆದು ಹೋದ. ಆಮೇಲಾಮೇಲೆ ಅಂಕಗಳು ನಿಧಾನವಾಗಿ ಮೇಲೇರಿದವು, ಹದಿನೈದು, ಹತ್ತೊಂಬತ್ತು. ಆದರೆ ಅವನ ಕಣ್ಣಿಗೆ ಮೂವತ್ತು ಹತ್ತೊಂಬತ್ತಾದದ್ದಷ್ಟೇ ಕಾಣುತ್ತಿತ್ತು.

ತಂಡ ಹೇಗೋ ಫೈನಲ್ ತಲುಪಿತು. ಅದರ ಹಿಂದಿನ ದಿನ ಅವನು ಮಗಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿದ: “ನೋಡಮ್ಮ, ನಾಳೆ ಒಂದಿನ ನನ್ನ ಮಾತು ಕೇಳು. ಆ ಆಯ್ಕೆಯಮ್ಮ ಇನ್ನೊಂದ್ಸಲ ಬರಲ್ಲ. ನಿನಗೆ ಬರೋದನ್ನ ಮಾಡು. ಬಲಗೈ.”

“ಬರೋದನ್ನ ಹೋದ್ಸಲ ನೋಡಿದ್ರಲ್ಲಪ್ಪ ಅವರು.”

“ಚೆನ್ನಾಗಿತ್ತಲ್ಲ.”

“ಅವರಿಗೆ ಚೆನ್ನಾಗಿರ್ಲಿಲ್ಲ.” ಅವಳು ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು, ಬೇರೆ ಯಾರದೋ ಕೈಯೇನೋ ಎಂಬಂತೆ. “ನನಗೆ ಆ ಶಿಬಿರಕ್ಕೆ ಹೋಗ್ಬೇಕಪ್ಪ. ಇಲ್ಲೇ ಇದ್ರೆ ಬಲ್ಬು ಹಾಕ್ತಾ ಇರ್ತೀನಿ.”

ದರ್ಜಿ ಎದ್ದು ಇಸ್ತ್ರಿಪೆಟ್ಟಿಗೆಯನ್ನು ಬಿಸಿಗಿಟ್ಟ. ಆ ಕೆಂಪು ಅಂಗಿಯನ್ನು ಇಸ್ತ್ರಿ ಮಾಡಿ ಕೈಗೆ ಕೊಟ್ಟ.

ಮರುದಿನ ಆಯ್ಕೆಗಾರ್ತಿ ಮುಂದಿನ ಸಾಲಿನಲ್ಲಿ ದರ್ಜಿಯಿಂದ ಎರಡೇ ಕುರ್ಚಿ ಆಚೆ ಬಂದು ಕುಳಿತಳು. ಕುಳ್ಳಗಿನ, ಮಾತಿಲ್ಲದ ಹೆಂಗಸು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮಡಿಲಲ್ಲೊಂದು ಚಿಕ್ಕ ಪುಸ್ತಕ, ಕೈಯಲ್ಲಿ ಮೊಂಡು ಪೆನ್ಸಿಲು. ಎದುರು ತಂಡದವರು ಬುದ್ಧಿವಂತರು. ಇಬ್ಬರು ಗಟ್ಟಿ ಹುಡುಗಿಯರನ್ನು ಏಣಿಯ ಬಲಗಡೆಗೆ ಗೋಡೆಯಂತೆ ನಿಲ್ಲಿಸಿದರು. ಅರ್ಧ ಆಟ ಮುಗಿಯುವವರೆಗೂ ಅವಳಿಗೆ ಎಂಟೇ ಅಂಕ. ದರ್ಜಿ ಕಣ್ಣು ಮುಚ್ಚಿಕೊಂಡು ಕುಳಿತ. ಕಣ್ಣು ತೆರೆದಾಗ ಏಣಿ ಗೋಡೆಗೆ ಬೆನ್ನು ಕೊಟ್ಟು ಗಿರಕಿ ತಿರುಗಿ, ಎಡಗೈಯನ್ನು ಆಕಾಶಕ್ಕೆ ಚಾಚಿದ್ದಳು.

ಚರ್ ಎಂದು ಸದ್ದಾಯಿತು. ಚೆಂಡು ಬುಟ್ಟಿಯೊಳಗೆ ಬಿತ್ತು. ಅಂಗಿಯ ಎಡತೋಳು ಕಂಕುಳಿನಲ್ಲಿ ಉದ್ದಕ್ಕೂ ಬಿಚ್ಚಿಕೊಂಡಿತ್ತು.

ಹರಿದ ಅಂಗಿಯಲ್ಲಿ ಆಡುವಂತಿಲ್ಲವೆಂದು ತೀರ್ಪುಗಾರ ಸೀಟಿ ಊದಿದ. ಗೆಳತಿಯರ ಅಂಗಿ ಹಾಕೋಣವೆಂದರೆ ಅವು ಅವಳಿಗೆ ಕರವಸ್ತ್ರ. ಭಾವಮೈದ ಕೂಗುವ ಮೊದಲೇ ದರ್ಜಿ ಚೀಲ ಹಿಡಿದು ಬೆಂಚಿನ ಬಳಿಗೆ ಓಡಿದ್ದ. ಸೂಜಿ ದಾರ ಕತ್ತರಿ ಇಲ್ಲದೆ ಅವನು ಎಲ್ಲಿಗೂ ಹೋದವನಲ್ಲ. ಅಭ್ಯಾಸಬಲದಿಂದ ಬೆರಳುಗಳು ಹೊಲಿಗೆಯೊಳಗಿನ ಮಡಿಕೆಯನ್ನು ಹುಡುಕಿದವು. ಮಡಿಕೆ ಇರಲಿಲ್ಲ. ಅದನ್ನು ತೆಗೆದವನು ಅವನೇ. ಕೊರಳಿನ ಟೇಪನ್ನು ಎಳೆದು ಮಗಳ ತೋಳಿಗೆ ಸುತ್ತಿದ. ನೋಡಿದ. ಬಿಚ್ಚಿ ಮತ್ತೆ ಸುತ್ತಿದ.

“ಅಪ್ಪ, ಬೇಗ.”

“ಕೈ ಅಲ್ಲಾಡಿಸ್ಬೇಡ. ಇದೆಲ್ಲಿಂದ ಬಂತು?”

“ಯಾವುದು?”

“ಈ ತೋಳು.”

“ಮಾವನ ಟೈರಿಂದ.”

ದರ್ಜಿ ತನ್ನ ಚೌಕಳಿ ಅಂಗಿಯ ಹಿಂಭಾಗವನ್ನು ಪ್ಯಾಂಟಿನಿಂದ ಹೊರಗೆಳೆದು, ಅಂಗೈ ಅಗಲದ ತುಂಡು ಕತ್ತರಿಸಿ, ಬಿರುಕಿಗೆ ತೇಪೆಯಿಟ್ಟು ಹೊಲಿಯತೊಡಗಿದ. “ಭಾವ, ಇದು ಮದುವೆ ಅಂಗಿ ಅಲ್ಲ, ಸುಮ್ನೆ ನಾಲ್ಕು ಹೊಲಿಗೆ ಹಾಕಿ” ಎಂದು ಭಾವಮೈದ ಕಾಲು ಬದಲಿಸುತ್ತ ನಿಂತ. ಕೆಟ್ಟ ಹೊಲಿಗೆ ಹಾಕಲು ದರ್ಜಿಗೆ ಬರುತ್ತಿರಲಿಲ್ಲ. ಅವನು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿಯುವಷ್ಟರಲ್ಲಿ ತಂಡ ಒಂಬತ್ತು ಅಂಕ ಹಿಂದೆ ಬಿದ್ದಿತ್ತು.

ಕೆಂಪು ಅಂಗಿಗೆ ಚೌಕಳಿ ಕಂಕುಳು ಹೊತ್ತುಕೊಂಡು ಏಣಿ ಒಳಗಿಳಿದಳು. ಒಮ್ಮೆ ಎಡ, ಒಮ್ಮೆ ಬಲ. ಆ ಇಬ್ಬರು ಹುಡುಗಿಯರಿಗೆ ಯಾವ ಕಡೆ ಗೋಡೆ ಕಟ್ಟಬೇಕೆಂದು ತಿಳಿಯದಾಯಿತು. ಒಂಬತ್ತು ಒಂದಕ್ಕೆ ಇಳಿಯಿತು. ಕೊನೆಯ ನಾಲ್ಕು ಸೆಕೆಂಡು ಉಳಿದಾಗ ಚೆಂಡು ಅವಳ ಕೈಗೆ ಬಂತು. “ಬಲಗೈ” ಎಂದು ದರ್ಜಿ ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ. ಅವಳು ಎಡಗೈ ಎತ್ತಿದಳು. ಚೆಂಡು ಬುಟ್ಟಿಯ ಅಂಚನ್ನು ಸುತ್ತಿತು, ಇಣುಕಿ ನೋಡಿತು, ಹೊರಗೆ ಬಿತ್ತು. ತೇಪೆ ಮಾತ್ರ ಬಿಚ್ಚಲಿಲ್ಲ.

ಒಂದು ಅಂಕದಿಂದ ಸೋತರು. ಜನ ಕರಗಿದರು. ದರ್ಜಿ ಅಂಗಿಯ ಬೆನ್ನಿಗೆ ತೂತಿಟ್ಟುಕೊಂಡು ಕುರ್ಚಿಯಲ್ಲೇ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಆಯ್ಕೆಗಾರ್ತಿ ಕುರ್ಚಿಯಿಂದ ಜಾರಿ ಇಳಿದು ಅವನ ಮುಂದೆ ಬಂದು ನಿಂತಳು.

“ಆ ಅಂಗಿ ಹೊಲಿದೋರು ನೀವೇನಾ?”

“ಹೌದಮ್ಮ.”

“ಹೇಗೆ ಹರೀತು? ದಾರ ಸರಿಯಿರ್ಲಿಲ್ವಾ?”

ದಾರದ ಅಂಗಡಿಯವನ ಹೆಸರು ದರ್ಜಿಯ ನಾಲಿಗೆಯ ತುದಿಯವರೆಗೆ ಬಂದಿತು. ಮೂವತ್ತು ವರ್ಷ ಎಲ್ಲ ತಪ್ಪುಗಳಿಗೂ ಗಿರಾಕಿಯ ಹೊಟ್ಟೆ, ಇಲ್ಲವೆ ಈ ದಾರದವನು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅಂಗಳದ ಆಚೆ ತುದಿಯಲ್ಲಿ ಏಣಿ ತಲೆಯ ಮೇಲೆ ಟವೆಲು ಹಾಕಿಕೊಂಡು ಕುಳಿತಿದ್ದಳು.

“ದಾರ ಸರಿಯಾಗೇ ಇತ್ತಮ್ಮ” ಎಂದ. “ಅಳತೆ ತಪ್ಪು. ನನ್ನದೇ ತಪ್ಪು.”

ಹೆಂಡತಿ ಕೈಯಲ್ಲಿದ್ದ ನೀರಿನ ಸೀಸೆಯನ್ನು ಕೆಳಗಿಟ್ಟಳು.

“ಎಷ್ಟು ತಪ್ಪು?”

“ಎಡತೋಳಲ್ಲಿ ಒಂದೂವರೆ ಇಂಚು. ಐದು ತಿಂಗಳ ಹಿಂದೆ ಹೊಲಿದಾಗ ಇದೇ ಅಂಗಿ ಅಚ್ಚುಕಟ್ಟಾಗಿ ಕೂತಿತ್ತು. ಮತ್ತೆ ಅಳತೆ ತಗೊಳ್ಲಿಲ್ಲ. ಇವಳದು ಇಷ್ಟೇ, ಮುಗೀತು ಅಂದ್ಕೊಂಡಿದ್ದೆ.”

“ನಾನೂ ಹಾಗೇ ಬರೆದಿದ್ದೆ” ಎಂದು ಆಯ್ಕೆಗಾರ್ತಿ ಪುಸ್ತಕ ತೆರೆದು ಏನನ್ನೋ ಹೊಡೆದುಹಾಕಿದಳು. “ಕೊನೇ ಚೆಂಡು ಬಲಗೈಲಿ ಹಾಕಿದ್ರೆ ಗೆಲ್ತಿದ್ಲು.”

“ನಾನೂ ಅದನ್ನೇ ಹೇಳಿದ್ದೆನಮ್ಮ. ಕೇಳ್ಲಿಲ್ಲ.”

“ಕೇಳಿದ್ರೆ ನಾನು ಇಷ್ಟೊತ್ತಿಗೆ ಊರಿಗೆ ಹೊರಟಿರ್ತಿದ್ದೆ. ಐದು ತಿಂಗಳಲ್ಲಿ ಇಷ್ಟು ಕಲಿತವಳು ಐದು ವರ್ಷದಲ್ಲಿ ಏನಾಗ್ತಾಳೋ ನೋಡ್ಬೇಕು. ಒಂದನೇ ತಾರೀಕಿಗೆ ಕಳಿಸಿ. ಎರಡು ಅಂಗಿ ಹೊಲಿದುಕೊಡಿ. ಸ್ವಲ್ಪ ಸಡಿಲವಾಗಿ.”

ಮರುದಿನ ಬೆಳಗ್ಗೆ ಅಂಚೆ ಗುಮಾಸ್ತ ಬಿಗಿಯಾದ ಪ್ಯಾಂಟು ಹಿಡಿದು, ಮುನ್ನೆಚ್ಚರಿಕೆಯಾಗಿ ಏನನ್ನೂ ತಿನ್ನದೆ ಬಂದ. ದರ್ಜಿ ಕನ್ನಡಕ ಏರಿಸಲಿಲ್ಲ. “ಅಲ್ಲಿಟ್ಟು ಹೋಗಿ, ಬಿಚ್ಚಿ ನೋಡ್ತೀನಿ” ಎಂದದ್ದಕ್ಕೆ ಗುಮಾಸ್ತ ಗಾಬರಿಯಾಗಿ, ಮೈ ಹುಷಾರಿಲ್ಲವೇ ಎಂದು ವಿಚಾರಿಸಿದ. ಮೊಳೆಯಲ್ಲಿ ರಟ್ಟು ಇರಲಿಲ್ಲ. ಅದನ್ನು ನಾಲ್ಕು ತುಂಡು ಮಾಡಿ ಒಂದನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದ.

ಏಣಿ ತಲೆ ತಗ್ಗಿಸಿ ಅಂಗಡಿಯೊಳಗೆ ಬಂದಳು. ಮೇಜಿನ ಮೇಲೆ ಕೆಂಪು ಬಟ್ಟೆ ಹರಡಿತ್ತು. ಎರಡೂ ತೋಳಿನ ಕೆಳಗೆ, ಎರಡೂ ಪಕ್ಕೆಗೆ, ಮೂರು ಬೆರಳಿನ ಮಡಿಕೆಗೆಂದು ಸುಣ್ಣದ ಗೆರೆ ಎಳೆದಿತ್ತು.

“ಅಪ್ಪ, ಇಷ್ಟೊಂದು ಯಾಕೆ ಬಿಟ್ಟಿದ್ದೀರಿ? ಅಂಗಿಯೊಳಗೆ ಇನ್ನೊಬ್ಬಳು ಕೂರಬಹುದು.”

“ಸುಮ್ನಿರು” ಎಂದು ದರ್ಜಿ ಕೊರಳಿನಿಂದ ಟೇಪು ತೆಗೆದು, ಸ್ಟೂಲಿನ ಮೇಲೆ ಹತ್ತಿ ನಿಂತ. “ಕೈ ಎತ್ತು. ಮೊದಲು ಎಡಗೈ.”