ಅಂಟಿಕೊಂಡು ಹೋದ ಗೆರೆಗಳು

ಬ್ರೆಜಿಲಿನ ಸಾಂತಾ ರೀಟಾದಲ್ಲಿ ಬೆಸುಗೆ ಕಡ್ಡಿ ಇಲ್ಲದ ಮನೆ ಸಿಗುವುದು ಕಷ್ಟ. ಕಾಫಿ ಗುಡ್ಡಗಳ ನಡುವೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳೇ ತುಂಬಿದ ಆ ಊರಲ್ಲಿ ಲಿಂಡಾಲ್ವ ಮೂವತ್ತೆಂಟು ವರ್ಷ ಸರ್ಕ್ಯೂಟ್ ಬೋರ್ಡುಗಳಿಗೆ ಗೆರೆ ಎಳೆದಳು. ಮೊದಲು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ, ಆಮೇಲೆ ಕಂಪ್ಯೂಟರಿನಲ್ಲಿ. ಆ ಗೆರೆಗಳೇ ಬೋರ್ಡಿನ ಮೇಲೆ ತಾಮ್ರದ ದಾರಿಗಳಾಗಿ, ಒಂದು ಚಿಪ್‌ನಿಂದ ಇನ್ನೊಂದಕ್ಕೆ ಸಂಕೇತ ಒಯ್ಯುತ್ತಿದ್ದವು.

ಅವಳ ಗೆರೆಗಳನ್ನು ನೋಡಬೇಕಿತ್ತು. ಒಂದರ ಪಕ್ಕ ಒಂದು, ಕೂದಲೆಳೆಯ ಅಂತರದಲ್ಲಿ, ಈ ತುದಿಯಿಂದ ಆ ತುದಿಗೆ ಎಲ್ಲೂ ಬಾಗದೆ. ಅಡ್ಡಾದಿಡ್ಡಿ ಗೆರೆ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಜಂಬ ಎಂದರೂ ತಪ್ಪಿಲ್ಲ. ಹೊಸಬರ ನಕ್ಷೆ ನೋಡಿ, ಇದನ್ನೇನು ಕೋಳಿ ಕೆದರಿತೇ ಎಂದು ಕೇಳುವ ಚಾಳಿ ಅವಳಿಗಿತ್ತು.

ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬೋರ್ಡು ಅವಳ ಕೆಲಸಗಳಲ್ಲೆಲ್ಲ ಚೆಂದದ್ದು. ಹದಿನೆಂಟು ವರ್ಷ ಒಂದು ದೂರಿಲ್ಲ. ನಿವೃತ್ತಿಗೆ ಮೂರು ತಿಂಗಳಿರುವಾಗ ಆಸ್ಪತ್ರೆಗಳಿಂದ ಪೆಟ್ಟಿಗೆಗಳು ವಾಪಸು ಬರತೊಡಗಿದವು. ಕೂಸು ಬೆಚ್ಚಗೇ ಇದ್ದರೂ ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿತ್ತಂತೆ. ಒಂದು ಪೆಟ್ಟಿಗೆಯ ಗಂಟೆಯೊಳಗೆ ಯಾರೋ ನರ್ಸು ಬೇಸತ್ತು ಹತ್ತಿ ತುರುಕಿದ್ದಳು.

ಅವಳ ಪಕ್ಕದಲ್ಲೇ ಕೂತು ಕೆಲಸ ಕಲಿತ ಇಂಜಿನಿಯರ್ ಎವಾಲ್ಡೊ ಕಾರಣ ಕಂಡುಹಿಡಿದ. ಹಳೆ ಚಿಪ್ ತಯಾರಿಕೆ ನಿಂತು, ಅದೇ ನಂಬರಿನ ಹೊಸದು ಬಂದಿತ್ತು. ಇದು ಬಲು ಚುರುಕು. ಇದರ ವಿದ್ಯುತ್ ಮಿಡಿತ ಥಟ್ಟನೆ ಏರಿ ಥಟ್ಟನೆ ಇಳಿಯುವಾಗ ಪಕ್ಕದ ಗೆರೆಯಲ್ಲೂ ಸುಳ್ಳು ಮಿಡಿತ ಹುಟ್ಟುತ್ತಿತ್ತು. ಗೆರೆಗಳು ಹತ್ತಿರವಾದಷ್ಟೂ, ಜೊತೆಯಾಗಿ ಓಡಿದ ದೂರ ಹೆಚ್ಚಿದಷ್ಟೂ ಈ ಕಾಟ ಹೆಚ್ಚು. ಅಲ್ಲಿ ಪಕ್ಕದಲ್ಲಿದ್ದದ್ದು, ಕೂಸಿಗೆ ತಣ್ಣಗಾಯಿತು ಎಂದು ಸುದ್ದಿ ಮುಟ್ಟಿಸುವ ಗೆರೆ.

ಅವಳ ಮನಸ್ಸು ನೋಯದಿರಲೆಂದು ಅವನು ಬೇರೆ ಉಪಾಯ ಹುಡುಕಿಕೊಂಡೇ ಬಂದಿದ್ದ.

"ಬೋರ್ಡ್ ಮುಟ್ಟೋದೇ ಬೇಡ, ದೋನಾ ಲಿಂಡಾಲ್ವ. ಚಿಕ್ಕಪುಟ್ಟ ಮಿಡಿತ ಬಂದ್ರೆ ಕಿವಿಗೆ ಹಾಕ್ಕೋಬೇಡ ಅಂತ ಪ್ರೋಗ್ರಾಮಲ್ಲಿ ಬರೆದುಬಿಡ್ತೀನಿ. ನಿಮ್ಮ ಕೆಲಸ ಹಂಗೇ ಇರ್ಲಿ."

ಅವಳಿಗೆ ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ಆದರೆ ಆ ಗಂಟೆಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದ ಹತ್ತಿಯ ಉಂಡೆಯನ್ನು ಅವನ ಮುಂದೆ ಸರಿಸಿದಳು.

"ಆ ನರ್ಸೂ ಇದನ್ನೇ ಮಾಡಿದ್ದು ಕಣೋ. ಅವಳ ಹತ್ರ ಪ್ರೋಗ್ರಾಮ್ ಇರ್ಲಿಲ್ಲ, ಅಷ್ಟೇ."

ಬ್ಲೇಡು ತೆಗೆದುಕೊಂಡು, ವಾಪಸು ಬಂದ ಬೋರ್ಡೊಂದರಲ್ಲಿ ಸುದ್ದಿ ಮುಟ್ಟಿಸುವ ಆ ಗೆರೆಯನ್ನು ತಾನೇ ಎರಡೂ ತುದಿಯಲ್ಲಿ ಕತ್ತರಿಸಿದಳು. ಬದಲಿಗೆ ದೂರದಿಂದ ಸುತ್ತಿಸಿ ಒಂದು ತಂತಿ ಬೆಸೆದಳು. ಇಡೀ ದಿನ ಗಂಟೆ ಬಾಯಿ ಬಿಡಲಿಲ್ಲ. ತಪ್ಪು ತನ್ನ ಗೆರೆಗಳದ್ದೇ ಎಂಬುದರಲ್ಲಿ ಅನುಮಾನಕ್ಕೆ ಜಾಗವೇ ಉಳಿಯದೆ ಅವಳ ಮುಖ ಸಣ್ಣಗಾಯಿತು.

ಎರಡು ವಾರ ಕೂತು ಎಲ್ಲವನ್ನೂ ಹೊಸದಾಗಿ ಎಳೆದಳು. ಗೆರೆಗಳನ್ನು ದೂರ ದೂರ ಸರಿಸಿದಳು, ಅವುಗಳ ಅಡಿಯಲ್ಲಿ ಒತ್ತಾಗಿ ತಾಮ್ರದ ಹಾಸು ಹಾಸಿದಳು, ಜೊತೆಯಾಗಿ ಓಡುತ್ತಿದ್ದವುಗಳನ್ನು ಅಲ್ಲಲ್ಲೇ ತಿರುಗಿಸಿ ಬೇರ್ಪಡಿಸಿದಳು. ಹೊಸ ಬೋರ್ಡು ಅಂದಗೇಡಿಯಾಗಿತ್ತು. ಪರೀಕ್ಷೆಗಿಟ್ಟಾಗ ಸುಮ್ಮನಿತ್ತು, ಪೆಟ್ಟಿಗೆಯನ್ನು ತಣ್ಣಗೆ ಮಾಡಿದಾಗ ಮಾತ್ರ ಕೂಗಿತು.

ಇನ್ನೂ ಸಮಯವಿದೆ, ಬೇಕಾದರೆ ಸ್ವಲ್ಪ ಓರಣ ಮಾಡಿ ಎಂದ ಎವಾಲ್ಡೊ.

"ಮುಚ್ಚಳ ಹಾಕಿದ್ಮೇಲೆ ಇದನ್ನ ನೋಡೋರ್ಯಾರು?" ಎಂದಳು. "ಇಷ್ಟು ವರ್ಷ ಕೂಸುಗಳಿಗೆ ಅಂತ ಚೆಂದ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ನನಗೇ ಅಂತ ಮಾಡ್ಕೊಂಡಿದ್ದು."

ಆಮೇಲೆ ಹಳೆ ನಕ್ಷೆಯನ್ನು ತೆರೆದು, ಅದರ ಮೇಲೆ 'ಬಳಸಬೇಡಿ' ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದಳು.