ಪದ್ಮಕ್ಕನ ಹೆಂಚು, ಕಟ್ಟಿಯವರ ಸಿಟ್ಟು

ವಾಮನರಾವ್ ಕಟ್ಟಿಯವರು ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಮಾಡು ನೋಡುತ್ತಿದ್ದರು. ಚಪ್ಪಲಿ ಬಿಡುವಾಗಲೇ ಕತ್ತು ಮೇಲಕ್ಕೆ. ಗೋಡೆಯ ಮೇಲೆ ಒಂದು ಹಳದಿ ಕಲೆ ಕಂಡರೆ ಸಾಕು, ಯಜಮಾನ ನಮಸ್ಕಾರ ಹೇಳಿ ಮುಗಿಸುವ ಮೊದಲೇ, "ಇದನ್ನ ಎಷ್ಟು ವರ್ಷದಿಂದ ಸಾಕೀರಿ?" ಎಂದು ಶುರು. ಒಮ್ಮೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಹಿರಿಯರಾಗಿ ಹೋದವರು, ಹುಡುಗಿ ಚಹಾ ಹಿಡಿದು ನಿಂತಿರುವಾಗಲೇ ಅವಳ ತಂದೆಗೆ ಜಂತೆಯ ಒದ್ದೆ ತೋರಿಸಿ ಜಗಳ ತೆಗೆದರು. ಸಂಬಂಧ ಮುರಿಯಿತು. ಅದಕ್ಕೂ ಅವರು ಆ ತಂದೆಯನ್ನೇ ಬೈದರು.

ಇದು ಐವತ್ತರ ದಶಕದ ಮಾತು. ಕಟ್ಟಿಯವರು ಧಾರವಾಡದವರು, ಮುಂಬೈ ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಮನೆಗಳ ಕ್ಲೇಮು ನೋಡುವ ಗುಮಾಸ್ತ. ನಾನು ಶಾಲಾ ಮಾಸ್ತರ. ವಿಲೆ ಪಾರ್ಲೆಯ ಒಂದೇ ಚಾಳಿನಲ್ಲಿ ನಮ್ಮಿಬ್ಬರ ವಾಸ, ಪದ್ಮಕ್ಕನಲ್ಲಿ ಊಟ. ಪದ್ಮಕ್ಕ ಉಡುಪಿ ಕಡೆಯವರು. ತೀರಿಹೋದ ಗಂಡ ಬಿಟ್ಟುಹೋದ ಸಣ್ಣ ಹೆಂಚಿನ ಮನೆಯಲ್ಲೇ ಹತ್ತು ಹನ್ನೆರಡು ಜನಕ್ಕೆ ಖಾನಾವಳಿ ನಡೆಸುತ್ತಿದ್ದರು. ಆ ಮನೆಗೆ ವಿಮೆ ಮಾಡಿಸಿದ್ದು ಕಟ್ಟಿಯವರೇ, ಅದೂ ಬೈದು ಬೈದು.

ಪ್ರತಿ ಮೇ ತಿಂಗಳಲ್ಲಿ ಅವರು ಧೋತರ ಎತ್ತಿ ಕಟ್ಟಿ ಪದ್ಮಕ್ಕನ ಮಾಡು ಹತ್ತುತ್ತಿದ್ದರು. ಹೆಂಚಿನ ಕೆಲಸದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೆಂಚನ್ನು ಬೆರಳಿನಿಂದ ತಟ್ಟಿ ನೋಡಿ, ಸೀಳಿದ್ದನ್ನೆಲ್ಲ ತೆಗೆಸುವರು. ಊಟಕ್ಕೆ ಕೂತಾಗ ನಮಗೆಲ್ಲ ಪಾಠ.

"ಮಳಿ ಬಂತು, ಮನಿ ತೋಯ್ತು ಅಂದ್ರ ಯಾವ ಕಂಪನೀನೂ ಕೊಡಂಗಿಲ್ಲ. ಗಾಳಿನೋ ಗಿಡನೋ ಹೆಂಚು ಒಡೀಬೇಕು, ಆ ತೂತಿನಾಗಿಂದ ಮಳಿ ಒಳಗ ಬರಬೇಕು. ಆಗ ಕೊಡಬೇಕಾಗತದ. ರಿಪೇರಿ ಮಾಡಿಸದ ಬಿಟ್ಟ ಹಳೇ ಹೆಂಚು ಸೋರಿದ್ರ, ಅದು ನಿಮ್ಮ ಕರ್ಮ."

"ಮಳೆ ಬರುವ ಮೊದಲು ಅದಕ್ಕೆ ನಿಮ್ಮ ರೂಲು ಓದಿ ಹೇಳ್ಬೇಕಾ ಕಟ್ಟಿಯವ್ರೆ?" ಎಂದು ಪದ್ಮಕ್ಕ ಅವರ ಎಲೆಗೆ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದರು.

ಒಂದು ಜುಲೈ ಮಧ್ಯಾಹ್ನ ಭಾರಿ ಗಾಳಿ ಎದ್ದು, ಪಕ್ಕದ ಹಿತ್ತಲಿನ ಮಾವಿನ ಕೊಂಬೆ ಪದ್ಮಕ್ಕನ ಅಡುಗೆಮನೆಯ ಮೇಲೆ ಬಿತ್ತು. ಅರ್ಧ ಮಾಡು ಹೋಯಿತು. ಮೂರು ದಿನ ಮಳೆ ಬಿಡಲಿಲ್ಲ. ಅಕ್ಕಿ ಬೇಳೆ ನೆನೆದು ಮುಗ್ಗಿದವು, ಹಿಂದಿನ ಮಣ್ಣಿನ ಗೋಡೆ ಕುಸಿದು ಕೂತಿತು. ವಿಮೆಯ ದುಡ್ಡು ಬಂದರೆ ಮಾತ್ರ ಖಾನಾವಳಿ ಮತ್ತೆ ನಡೆಯುವುದು, ಇಲ್ಲದಿದ್ದರೆ ಮನೆಯೂ ಇಲ್ಲ, ಅನ್ನವೂ ಇಲ್ಲ. ಕಟ್ಟಿಯವರು ಆಗ ತಂಗಿಗೆ ಕಾಯಿಲೆಯೆಂದು ಧಾರವಾಡಕ್ಕೆ ಹೋಗಿದ್ದರು. ಪದ್ಮಕ್ಕ ನನ್ನ ಹತ್ತಿರ ಬಂದರು.

ಸುತ್ತಲಿನ ನಾಲ್ಕು ಚಾಳುಗಳಿಗೆ ಅರ್ಜಿ ಬರೆದುಕೊಡುವವನು ನಾನೇ. ಫೀಸು ಮಾಫಿ, ರಜೆ, ಬಡ್ತಿ, ಯಾವುದೇ ಇರಲಿ, ಅರ್ಜಿಯೆಂದರೆ ಓದುವವರ ಕರುಳು ಕಿವುಚಬೇಕು ಎಂದೇ ನಾನು ಕಲಿತದ್ದು. ಮಕ್ಕಳಿಗೂ ಹಾಗೆಯೇ ಕಲಿಸುತ್ತಿದ್ದೆ. ಕೊಂಬೆಯ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿ, ಈ ಅನಾಥ ಹೆಂಗಸು ಎಷ್ಟೋ ಮಳೆಗಾಲಗಳಿಂದ ಸೋರುವ ಮಾಡಿನ ಕೆಳಗೆ ಕಣ್ಣೀರು ಸುರಿಸುತ್ತ ಬದುಕುತ್ತಿದ್ದಾಳೆ ಎಂದು ಕಂಪನಿಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಬರೆದು ನಾನೇ ಮೆಚ್ಚಿಕೊಂಡೆ. ಇಂಗ್ಲಿಷ್ ಬಾರದ ಪದ್ಮಕ್ಕ ನಾನು ತೋರಿಸಿದ ಕಡೆ ಸಹಿ ಹಾಕಿದರು.

ಕಟ್ಟಿಯವರು ಊರಿನಿಂದ ಬಂದ ಎರಡನೆಯ ದಿನ ನಮ್ಮ ಶಾಲೆಯ ಪಡಸಾಲೆಗೇ ಬಂದರು. ಕೈಯಲ್ಲಿ ನನ್ನ ಅರ್ಜಿಯ ನಕಲು. ಅವರ ಕೂಗಾಟ ನನಗೆ ಹೊಸದಲ್ಲ, ಅಂದು ಮಾತ್ರ ದನಿ ಏರಲೇ ಇಲ್ಲ.

"ಆ ಮಾಡಿನ ಒಂದೊಂದ ಹೆಂಚು ನಾ ಕೈಯಿಂದ ಮುಟ್ಟಿ ನೋಡೀನಿ. ಒಂದು ಹನಿ ಸೋರತಿದ್ದಿಲ್ಲ. ಕೊಂಬಿ ಒಂದ ದಿನ ಒಡೀತು ಮಾಸ್ತರ. ನೀವು ಅದನ್ನ ವರ್ಷಾನುಗಟ್ಟಲೆ ಸೋರಸಿದ್ರಿ."

ಆಮೇಲೆ ಅವರು ತಮ್ಮ ಆಫೀಸಿನಲ್ಲೇ ಜಗಳಕ್ಕೆ ನಿಂತರು. ಹೆಂಚಿನ ಕೆಲಸದವನನ್ನು ಫೋರ್ಟಿನ ತನಕ ಕರೆದೊಯ್ದು ಸಾಕ್ಷಿ ಹೇಳಿಸಿದರು. ಕಂಪನಿಯ ಇನ್‌ಸ್ಪೆಕ್ಟರು ಪದ್ಮಕ್ಕನ ಒಲೆಯ ಮೇಲೆ ಬಿದ್ದಿದ್ದ ಕೊಂಬೆಯನ್ನು ದಾಟಿಕೊಂಡೇ ಒಳಗೆ ಹೋಗಿ ಬಂದಿದ್ದ. ಆದರೂ ಸಾಹೇಬರು ಮತ್ತೆ ಮತ್ತೆ ಸೋರುವ ಮಾಡಿನ ನನ್ನ ಆ ಸಾಲಿನ ಮೇಲೆ ಬೆರಳಿಟ್ಟು, ಆಕೆಯೇ ಒಪ್ಪಿದ್ದಾಳಲ್ಲ ಎಂದರಂತೆ. ಕ್ಲೇಮು ತಳ್ಳಿಹಾಕಿದರು. ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಕಣ್ಣೆದುರಿನ ಮರ ಸುಳ್ಳಾಯಿತು, ಒಬ್ಬ ಮಾಸ್ತರನ ಬಣ್ಣದ ಮಾತು ನಿಜವಾಯಿತು. ಅವರಿಗೆ ಒಂದು ನೆಪ ಬೇಕಿತ್ತು, ನಾನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ಸಾಹೇಬರ ಮೇಜು ಗುದ್ದಿದ್ದಕ್ಕೆ ಕಟ್ಟಿಯವರನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು.

ಸುದ್ದಿಯನ್ನು ಪದ್ಮಕ್ಕನಿಗೆ ಹೇಳಿದವರೂ ಅವರೇ. ಉಳಿದ ಅರ್ಧ ಮನೆಯಲ್ಲಿ ಎಲೆ ಹಾಕಿತ್ತು, ನಾನೂ ಕೂತಿದ್ದೆ. "ತಪ್ಪು ನಮ್ಮ ಆಫೀಸಿಂದು. ನಂದೂ ಅದ, ಪದ್ಮಕ್ಕ. ನಾ ಊರಿಗೆ ಹೋಗಬಾರದಿತ್ತು" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಬೈದು ಬೈದು ವಿಮೆ ಮಾಡ್ಸಿದ್ದು ನೀವಲ್ವಾ? ವರ್ಷ ವರ್ಷ ಮಾಡು ಹತ್ತಿದ್ದು ಎಂತಕ್ಕೆ? ನಾಳೆಯಿಂದ ನಿಮಗೆ ಇಲ್ಲಿ ಎಲೆ ಇಲ್ಲ" ಎಂದರು ಪದ್ಮಕ್ಕ.

ಕಟ್ಟಿಯವರು ಎಲೆ ಮಡಚಿ, ಕೈ ತೊಳೆದು ಹೊರಟರು. ಪದ್ಮಕ್ಕ ನನ್ನ ಕಡೆ ಬಂದು, "ನೀವು ಪಾಪ, ಎಷ್ಟು ಕಷ್ಟಪಟ್ಟು ಬರ್ದಿದ್ರಿ ಮಾಸ್ಟ್ರೇ" ಎಂದು ಅನ್ನದ ಮೇಲೆ ತುಪ್ಪ ಹಾಕಿದರು. ನಾನು ತಲೆ ಎತ್ತದೆ ಉಂಡೆ. ನನ್ನ ಮೇಲೆ ನನಗಿರುವ ಸಿಟ್ಟೆಲ್ಲ ಆ ಊಟದ್ದು.

ದಸರೆಯ ಹೊತ್ತಿಗೆ ಪದ್ಮಕ್ಕ ಸಿಕ್ಕಿದ ಬೆಲೆಗೆ ಮನೆ ಮಾರಿ, ಉಡುಪಿಗೆ ಅಣ್ಣನ ಮನೆಗೆ ಹೋದರು. ಮರುವರ್ಷ ಕಟ್ಟಿಯವರೂ ಕೆಲಸ ಬಿಟ್ಟು ಧಾರವಾಡಕ್ಕೆ ಹೊರಟರು. ದಾದರ್ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಗಾಡಿ ಇನ್ನೇನು ಬಿಡುವಾಗ, ಪದ್ಮಕ್ಕನಿಗೆ ಎಲ್ಲವನ್ನೂ ಕಾಗದ ಬರೆದು ತಿಳಿಸುತ್ತೇನೆ ಎಂದೆ. ಅವರ ಮುಖ ಕೆಂಪಾಯಿತು.

"ಮತ್ತ ಬರೀತೀರಿ? ಬರೀಬ್ಯಾಡ್ರಿ. ಬರದ್ರ ನಿಮ್ಮ ಹೊಟ್ಟಿ ಹಗುರಾಗತದ, ಆಕಿ ಮನಿ ಬರಂಗಿಲ್ಲ. ಮುಂಬೈದಾಗ ಒಬ್ಬ ಮನಷ್ಯಾನರ ತನಗ ಛಲೋ ಮಾಡಿದ ಅಂತ ತಿಳಕೊಂಡಾಳ. ಅದನ್ನೂ ಕಸಗೋಬ್ಯಾಡ್ರಿ."

ಮತ್ತೆ ಅವರನ್ನು ನೋಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರೆಂದು ಕೇಳಿದೆ. ಅವರ ಮಾತಿಗೆ ಕಟ್ಟುಬಿದ್ದು ನಾನು ಬರೆಯಲಿಲ್ಲವೆಂದು ಹೇಳಿಕೊಳ್ಳಬಹುದು, ಆದರೆ ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಪದ್ಮಕ್ಕ ಇರುವವರೆಗೂ ವರ್ಷಕ್ಕೊಮ್ಮೆ ಊರಿಂದ ಬರುವವರ ಕೈಯಲ್ಲಿ ನನಗೆ ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದರು. ಜೊತೆಗೆ ಯಾರ ಕೈಯಲ್ಲೋ ಬರೆಸಿದ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಎಲ್ಲರ ಕ್ಷೇಮ ಕೇಳುತ್ತಿದ್ದರು, ಕಟ್ಟಿಯವರ ಹೆಸರು ಒಮ್ಮೆಯೂ ಇರಲಿಲ್ಲ.